ಲಿಂಕಪ್ಪನ ಮೇಲಿನ ಕೋಣೆ

ಲಿಂಕಪ್ಪನಿಗೆ ಅಚ್ಚುಕಟ್ಟು ಎಂದರೆ ಪ್ರಾಣ. ಬಾಗಿಲ ಬಳಿಯ ಚಪ್ಪಲಿಗಳನ್ನು ಉದ್ದದ ಪ್ರಕಾರ ಜೋಡಿಸಿಡುವ ಆಸಾಮಿ. ಈ ಒಂದು ಗುಣ ಇಲ್ಲದೆ ಹೋಗಿದ್ದರೆ ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನ ಗೇಟಿನ ಮುಂದೆ ಹನ್ನೊಂದು ಜನ ದೆವ್ವ ನೋಡಲು ಬಂದು ನಿಲ್ಲುತ್ತಿರಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರು ಒಂದು ದಿನ ‘ನೀವು ಏನು ಕೆಲಸ ಮಾಡ್ತೀರಿ’ ಎಂದು ಕೇಳಿದ್ದೇ ಆ ಹೆಸರಿಗೆ ಮುಳುವಾಯಿತು. ಇವನು ಅವರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ವಿವರಿಸಿದ. ವೆಬ್‌ಸೈಟುಗಳಲ್ಲಿ ನೀಲಿ ಬಣ್ಣದ, ಕೆಳಗೆ ಗೆರೆ ಎಳೆದ ಮಾತುಗಳಿರುತ್ತವಲ್ಲ, ಒತ್ತಿದರೆ ಇನ್ನೊಂದು ಪುಟಕ್ಕೆ ಕರೆದೊಯ್ಯುತ್ತವಲ್ಲ, ಆ ಮಾತುಗಳನ್ನು ಬರೆಯುವವನು ತಾನು. ಬರೀ ‘ಇಲ್ಲಿ ಒತ್ತಿ’ ಎಂದರೆ ಏನೂ ಪ್ರಯೋಜನವಿಲ್ಲ. ‘ಗಟ್ಟಿಮುಟ್ಟಾದ ಮರದ ಮಂಚ’ ಎಂದು ಬರೆದು ಮಂಚದಂಗಡಿಯ ಪುಟಕ್ಕೆ ಲಿಂಕ್ ಕೊಡಬೇಕು. ಹಾಗೆ ಸಾವಿರ ಕಡೆ ಬರೆದರೆ ಮಂಚ ಹುಡುಕುವವರಿಗೆಲ್ಲ ಆ ಅಂಗಡಿಯೇ ಮೊದಲು ಕಾಣುತ್ತದೆ.

“ಪುಟದಲ್ಲಿ ನಿಜವಾಗಿ ಏನಿದೆ ಅನ್ನೋದಲ್ಲ ಸಾರ್. ಹೊರಗಿನವರು ಅದನ್ನ ಏನಂತ ಕರೀತಾರೆ ಅನ್ನೋದು ಮುಖ್ಯ. ಎಲ್ಲರೂ ಒಂದೇ ಮಾತು ಹೇಳಿದ್ರೆ ಹುಡುಕೋ ಯಂತ್ರ ಅದನ್ನೇ ನಂಬುತ್ತೆ.”

“ಒಟ್ನಲ್ಲಿ ಲಿಂಕ್ ಹಾಕೋ ಕೆಲಸ,” ಎಂದು ಕಂಡಕ್ಟರು ಎದ್ದು ಹೋದರು. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಇವನು ಲಿಂಕಪ್ಪನಾಗಿದ್ದ.

ಅವನ ಮನೆಯ ಮೇಲೆ ಒಂಟಿ ಕೋಣೆಯೊಂದಿತ್ತು. ಹೊರಗಿನಿಂದ ಮೆಟ್ಟಿಲು, ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಪಕ್ಕದ ಮನೆಯ ನೀರಿನ ಟ್ಯಾಂಕು ಕಾಣುವ ಒಂದು ಕಿಟಕಿ. ಎಂಟು ತಿಂಗಳಿಂದ ಬಾಡಿಗೆಗೆ ಯಾರೂ ಬಂದಿರಲಿಲ್ಲ. ಬರದಿದ್ದರೆ ಬೇಡ ಎಂದು ಸುಮ್ಮನಿರಬಹುದಿತ್ತು, ಆದರೆ ಆ ಖಾಲಿ ಕೋಣೆಯ ಮೇಲೆ ಅವನ ಭಾವಮೈದನ ಕಣ್ಣು ಬಿದ್ದಿತ್ತು.

ಭಾವಮೈದ ಕೆಟ್ಟವನಲ್ಲ. ಕುಡಿತವಿಲ್ಲ, ಜಗಳವಿಲ್ಲ. ಮಾತು, ಅಷ್ಟೇ. ಹಿಂದೆ ಒಮ್ಮೆ ನಾಲ್ಕು ದಿನಕ್ಕೆಂದು ಬಂದವನು ಹದಿನಾಲ್ಕು ತಿಂಗಳು ಇದ್ದು ಹೋಗಿದ್ದ. ಅಷ್ಟು ದಿನವೂ ಲಿಂಕಪ್ಪ ಹಲ್ಲುಜ್ಜುವುದು, ತುತ್ತು ಅಗಿಯುವುದು, ಮಗ್ಗುಲು ಬದಲಿಸುವುದು ಯಾವುದೂ ಅವನ ಸಲಹೆಯಿಲ್ಲದೆ ನಡೆಯಲಿಲ್ಲ. “ಭಾವ, ನೀವು ಯೋಚನೆ ಮಾಡುವಾಗ ಹುಬ್ಬು ಯಾಕೆ ಹಾಗೆ ಮಾಡ್ತೀರಿ?” ಎಂದು ಕೇಳಿದ ದಿನ ಲಿಂಕಪ್ಪ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಲ್ಲಿ ತಿರುಗಿಸಿ ಅತ್ತಿದ್ದ. ಆ ಹದಿನಾಲ್ಕು ತಿಂಗಳಲ್ಲಿ ಅವನು ಐದು ಕಿಲೋ ಇಳಿದಿದ್ದ.

ಈಗ ಭಾವಮೈದ ಮತ್ತೆ ಹೊರಟಿದ್ದ, ಈ ಸಲ ನಾಲ್ಕು ದಿನ ಎಂಬ ಮಾತೂ ಇರಲಿಲ್ಲ. ಗಂಡನ ಮುಖ ನೋಡಿ ಹೆಂಡತಿ ಒಂದು ಕರಾರಿಗೆ ಒಪ್ಪಿದ್ದಳು. ಆ ಭಾನುವಾರ ತಮ್ಮನನ್ನು ಕರೆತರಲು ಹೊರಟವಳು ಚಪ್ಪಲಿ ಮೆಟ್ಟುತ್ತ ಅದನ್ನೇ ಮತ್ತೆ ಹೇಳಿದಳು.

“ಐದೂವರೆಗೆ ಬರ್ತೀವಿ. ಅಷ್ಟರೊಳಗೆ ಆ ರೂಮಿಗೆ ಯಾರಾದ್ರೂ ಬಂದು ಕೂತಿದ್ರೆ ಅವನನ್ನ ನಮ್ಮಕ್ಕನ ಮನೆಗೆ ಕಳಿಸಿಬಿಡ್ತೀನಿ. ಖಾಲಿ ಇದ್ರೆ ಅವನೇ ಇರ್ತಾನೆ. ಆಮೇಲೆ ನೀವು ಮುಖ ಊದಿಸ್ಕೊಂಡು ಓಡಾಡೋ ಹಾಗಿಲ್ಲ.”

ಲಿಂಕಪ್ಪ ತಲೆಯಾಡಿಸಿದ. ಅವನಿಗೆ ಧೈರ್ಯವಿತ್ತು. ಕೋಣೆಗೆ ಹೆಂಡತಿ ಒಂದು ಪುಟ ಮಾಡಿ ಹಾಕಿದ್ದಳು, ವಿಳಾಸದ ಕೆಳಗೆ ‘ಭಾನುವಾರ ಹತ್ತರಿಂದ ಐದರವರೆಗೆ ಬಂದು ನೋಡಬಹುದು’ ಎಂದೂ ಬರೆದಿದ್ದಳು. ಅವನ ಆಫೀಸಿನಲ್ಲಿ ಒಂದು ರೂಢಿ ಇತ್ತು. ಗಿರಾಕಿಗಳ ಪಟ್ಟಿಯ ಕೊನೆಗೆ ನೌಕರರು ತಮ್ಮದೊಂದು ಸಾಲು ಸೇರಿಸಿಕೊಂಡರೆ ಮಾಲೀಕರು ಕಂಡೂ ಕಾಣದ ಹಾಗಿರುತ್ತಿದ್ದರು. ಹದಿನೈದು ದಿನದ ಹಿಂದೆ ಲಿಂಕಪ್ಪ ತನ್ನ ಕೋಣೆಯನ್ನು ಮುನ್ನೂರ ಹನ್ನೆರಡನೆಯ ಸಾಲಾಗಿ ಸೇರಿಸಿದ. ಒಂದು ಕಾಲಮಿನಲ್ಲಿ ಲಿಂಕಿನ ಮಾತು, ಪಕ್ಕದ ಕಾಲಮಿನಲ್ಲಿ ಪುಟದ ವಿಳಾಸ. ಕಳಿಸುವ ಮುನ್ನ ನೋಡಿದರೆ ಮಾತುಗಳೆಲ್ಲ ಹಿಂದುಮುಂದಾಗಿ ಕಣ್ಣಿಗೆ ಚುಚ್ಚುತ್ತಿದ್ದವು. ಅವನ್ನು ಅಕಾರಾದಿಯಾಗಿ ಜೋಡಿಸಿದ. ಪಕ್ಕದ ಕಾಲಮನ್ನೂ ಜೊತೆಗೆ ಜರುಗಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಅದರ ಪಾಡಿಗೆ ಅದು ಇರಲಿ ಎಂದು ಲಿಂಕಪ್ಪ ಬೇಡ ಒತ್ತಿದ.

ಹೀಗಾಗಿ ಗೇಟಿನ ಮುಂದೆ ಹನ್ನೊಂದು ಜನರನ್ನು ಕಂಡಾಗ ಅವನು ಆನಂದದಿಂದ ಓಡಿಹೋಗಿ ಗೇಟು ತೆರೆದ.

“ಬನ್ನಿ, ಬನ್ನಿ. ಮೇಲಿದೆ.”

ಬಂದವರು ಯಾಕೋ ಪಿಸುಮಾತಿನಲ್ಲಿದ್ದರು. ಎಲ್ಲರಿಗಿಂತ ಮುಂದೆ ನಿಂತವಳು ಟಾರ್ಚು ಹಿಡಿದ ಹೆಂಗಸು. ಅದೂ ಹಾಡುಹಗಲಲ್ಲಿ.

“ಅಲ್ಲಿ ಒಬ್ಬರೇ ಇರಬಹುದಾ?” ಎಂದಳು ಅವಳು.

“ಒಬ್ಬರಿಗೇ ಅಂತ ಕಟ್ಟಿಸಿದ್ದು ಮೇಡಂ.”

“ಮೊದಲು ಇದ್ದವರು ಏನಾದ್ರು?”

“ಗೊತ್ತಿಲ್ಲ. ಒಂದು ಬೆಳಿಗ್ಗೆ ನೋಡಿದ್ರೆ ಇರಲಿಲ್ಲ. ಹಾಸಿಗೆ ಹಾಗೇ ಇತ್ತು.”

ಹನ್ನೊಂದು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹಿಂದೆ ಇನ್ನೊಂದು ಆಟೋ ಬಂದು ನಿಂತಿತು. ಟಾರ್ಚಿನ ಹೆಂಗಸು ಫೋನನ್ನು ಅವನ ಮುಖದ ಹತ್ತಿರ ಹಿಡಿದಳು. ಹುಡುಕಿದ ಮಾತು ‘ಹೆದರಿಸುವ ದೆವ್ವ ಇರುವ ಮನೆ’. ಸಿಕ್ಕಿದ್ದರಲ್ಲಿ ಮೊದಲನೆಯದು ಅವನ ಹೆಂಡತಿ ಮಾಡಿದ ಪುಟ. ಅದರಲ್ಲಿ ದೆವ್ವ ಎಂಬ ಮಾತು ಎಲ್ಲೂ ಇರಲಿಲ್ಲ. ಮಂಚದ ಚಿತ್ರವಿತ್ತು, ಕಿಟಕಿಯ ಚಿತ್ರವಿತ್ತು, ಕೆಳಗೆ ಅವನ ಮನೆಯ ವಿಳಾಸವಿತ್ತು.

ಲಿಂಕಪ್ಪ ಹುಡುಕಿದ ಮಾತನ್ನು ಮತ್ತೊಮ್ಮೆ ಓದಿದ. ಆ ಮಾತು ಬರೆದವನು ಅವನೇ. ಊರ ಹೊರಗಿನ ಹಾಳು ಗಿರಣಿಯಲ್ಲಿ ಜನರನ್ನು ಹೆದರಿಸಿ ಕಳಿಸುವ ಒಬ್ಬ ಗಿರಾಕಿಗೆಂದು ಬರೆದದ್ದು.

“ಇದು ತಪ್ಪಾಗಿದೆ. ಇಲ್ಲಿ ದೆವ್ವ ಗಿವ್ವ ಏನೂ ಇಲ್ಲ,” ಎಂದ.

“ಇರೋರು ಯಾರೂ ಇದೆ ಅನ್ನಲ್ಲ ಸಾರ್,” ಎಂದು ಆಕೆ ಮೆಟ್ಟಿಲು ಹತ್ತಿದಳು. ಉಳಿದವರು ಹಿಂದೆಯೇ ಹೊರಟರು.

ಅವನು ಒಳಗೆ ಓಡಿ ಆಫೀಸಿನಲ್ಲಿ ಪಟ್ಟಿಗಳನ್ನು ನೋಡಿಕೊಳ್ಳುವ ಮೇಡಂಗೆ ಫೋನ್ ಮಾಡಿದ. ಆಕೆ ಎಲ್ಲವನ್ನೂ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು. “ಒಂದೇ ಕಾಲಂ ಜೋಡಿಸಿದ್ರಾ? ಹಾಗಾದ್ರೆ ಎಲ್ಲರ ಮಾತೂ ಇನ್ಯಾರದೋ ಪುಟಕ್ಕೆ ಹೋಗಿದೆ. ಸಾವಿರದ ನೂರು ಕಡೆ ಏರಿಸಿ ಆಗಿದೆ ಕಣ್ರೀ. ಮೂರು ದಿನದಿಂದ ಹಲ್ಲಿನ ಡಾಕ್ಟರು ಫೋನ್ ಮಾಡಿ ಬೈತಿದ್ದಾರೆ, ಬಾವಿ ತೋಡೋಕೆ ಬನ್ನಿ ಅಂತ ಜನ ಕರೀತಿದ್ದಾರಂತೆ. ಈಗ ಅರ್ಥ ಆಯ್ತು. ಮಧ್ಯಾಹ್ನದ ಮೇಲೆ ಆಫೀಸಿಗೆ ಹೋಗಿ ನಿಮ್ಮ ರೂಮಿನ ಮಾತು ಎಲ್ಲಿಗೆ ಹೋಯ್ತು ಅಂತ ನೋಡಿ ಹೇಳ್ತೀನಿ.”

ಹೊರಗೆ ಬಂದರೆ ಸಾಲು ಬೀದಿಯ ತಿರುವು ಮುಟ್ಟಿತ್ತು. ಎದುರು ಮನೆಯ ಕಂಡಕ್ಟರು ಯಾರೂ ಕೇಳದಿದ್ದರೂ ಬಂದು ಗೇಟು ಹಿಡಿದಿದ್ದರು. ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ಯಾರೂ ನೋಡಿರಲಿಲ್ಲ. “ಇಳಿಯೋರಿಗೆ ದಾರಿ ಬಿಡಿ. ಇಬ್ಬಿಬ್ಬರೇ ಹತ್ತಿ. ಮೆಟ್ಟಿಲ ಮೇಲೆ ನಿಲ್ಲಬೇಡಿ, ಒಳಗೆ ಜಾಗ ಇದೆ.”

ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತವರು ಪಕ್ಕದ ಮನೆಯ ದೊಡ್ಡಮ್ಮ. ಇಳಿದು ಬಂದವರೆಲ್ಲ ಮೊದಲು ಅವರ ಕೈಗೆ ಸಿಗುತ್ತಿದ್ದರು.

ಮೊದಲ ಒಂದು ಗಂಟೆ ಹೇಳಿಕೆಗಳು ದಿಕ್ಕಿಗೊಂದಾಗಿದ್ದವು. ಒಬ್ಬನಿಗೆ ಕೆಮ್ಮು ಕೇಳಿಸಿತ್ತು. ಒಬ್ಬಳಿಗೆ ಒದ್ದೆ ಮಣ್ಣಿನ ವಾಸನೆ ಬಂದಿತ್ತು. ಟಾರ್ಚಿನ ಹೆಂಗಸಿಗೆ ಏನೂ ಕಾಣದೆ ಬೇಜಾರಾಗಿತ್ತು.

“ಕಿಟಕಿ ಹತ್ರ ಹೆಂಗಸು ಕಾಣಿಸ್ಲಿಲ್ವಾ?” ಎಂದು ದೊಡ್ಡಮ್ಮ ಆಕೆಯನ್ನು ಕೇಳಿದರು. “ಬಿಳೀ ಕೂದಲು. ಬಾಗಿಲ ಕಡೆ ಬೆನ್ನು ಮಾಡಿ ಕೂತಿರ್ತಾಳೆ. ತೊಡೆ ಮೇಲೆ ಒಂದು ಚೀಲ.”

“ದೊಡ್ಡಮ್ಮ, ಏನಿದು?” ಎಂದ ಲಿಂಕಪ್ಪ.

“ನೀನು ಸುಮ್ನಿರಪ್ಪ. ನಿನಗೇನು ಗೊತ್ತು, ಇಡೀ ದಿನ ಆಫೀಸಲ್ಲಿ ಇರ್ತೀಯ.”

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹನ್ನೆರಡರ ಸುಮಾರಿಗೆ ಇಬ್ಬರು ಇಳಿದು ಬಂದು ಬಿಳೀ ಕೂದಲು ಎಂದರು. ಅವರ ಹಿಂದೆ ಬಂದವರು ಚೀಲ ಎಂದರು. ಆಮೇಲೆ ಇಳಿದವರೆಲ್ಲ ಒಂದೇ ಮಾತು ಹೇಳತೊಡಗಿದರು, ಕೂದಲು, ಬೆನ್ನು, ಚೀಲ, ಅದೇ ವರಸೆಯಲ್ಲಿ. ತನ್ನ ಹೊಟ್ಟೆಪಾಡಿನ ಕಸುಬು ತನ್ನ ಗೇಟಿನ ಮುಂದೆಯೇ ನಡೆಯುತ್ತಿದೆ ಎಂದು ಲಿಂಕಪ್ಪನಿಗೆ ಹೊಳೆಯಿತು. ನೂರು ಬಾಯಿ ಒಂದೇ ಮಾತು ಹೇಳಿದರೆ ಯಂತ್ರ ನಂಬುತ್ತದೆ. ಯಂತ್ರಕ್ಕೆ ಕಣ್ಣಿಲ್ಲ, ನಂಬಲಿ. ಆದರೆ ಇಳಿದು ಬರುತ್ತಿದ್ದವರ ಮುಖದಲ್ಲಿ ಬಣ್ಣವಿರಲಿಲ್ಲ, ಮತ್ತು ಈಗ ಇಳಿದವರು ದೊಡ್ಡಮ್ಮ ಹೇಳದೆ ಇದ್ದುದನ್ನೂ ಹೇಳುತ್ತಿದ್ದರು. ಚೀಲದ ಹಿಡಿಗೆ ಹಸಿರು ದಾರ ಸುತ್ತಿದೆ ಎಂದು ನಾಲ್ಕು ಜನ ಹೇಳಿದರು. ಆ ನಾಲ್ವರಲ್ಲಿ ಇಬ್ಬರು ಇನ್ನಿಬ್ಬರ ಮುಖವನ್ನೇ ನೋಡಿರಲಿಲ್ಲ.

ಈ ನಡುವೆ ಕೋಣೆಯನ್ನು ಬಾಡಿಗೆಗೆ ಕೇಳಲು ಒಬ್ಬರೂ ಬಂದಿರಲಿಲ್ಲ. ಗಡಿಯಾರ ಮಾತ್ರ ಎರಡು ದಾಟಿ ಮೂರಾಗಿತ್ತು. ಅವನು ಸಾಲಿನಲ್ಲಿದ್ದವರನ್ನೇ ಒಬ್ಬೊಬ್ಬರಾಗಿ ಕೇಳಿಕೊಂಡು ಹೋದ. “ನೀವು ಇಲ್ಲೇ ಇರಬಹುದಲ್ಲ ಸಾರ್? ದಿನಾ ನೋಡಬಹುದು.” ಅವರು ಒಂದು ಹೆಜ್ಜೆ ಹಿಂದೆ ಸರಿದರು.

ನಾಲ್ಕಕ್ಕೆ ಕಂಡಕ್ಟರು ಕೊನೆಯ ಟ್ರಿಪ್ ಮುಗಿಯಿತೆಂದು ಸಾರಿ, ನಿಂತವರನ್ನೆಲ್ಲ ಮನೆಗೆ ಕಳಿಸಿ, ಗೇಟಿಗೆ ಬೀಗ ಹಾಕಿ ಕೀಲಿ ತಂದುಕೊಟ್ಟರು. ಅವರ ಮುಖದ ಕಳೆ ಇಳಿದಿತ್ತು.

“ಹತ್ತಿದ್ದು ನೂರ ಆರು. ಇಳಿದಿದ್ದು ನೂರ ಆರು. ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು, ಎಣಿಕೆ ತಪ್ಪಲ್ಲ,” ಎಂದು ದನಿ ತಗ್ಗಿಸಿದರು. “ಆದ್ರೆ ಕಡೇಲಿ ಇಳಿದ ಇಬ್ಬರೂ, ಮೇಲೆ ಒಬ್ಬರು ಕೂತಿದ್ದಾರೆ, ಅವರನ್ನ ಇಳಿಸಿಲ್ವಾ ಅಂತ ಕೇಳಿದ್ರು. ನಾನು ಟೀ ಕುಡಿದು ಬರ್ತೀನಿ.” ಬರುತ್ತೇನೆ ಎಂದವರು ಮನೆಗೆ ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಂಡರು.

ಲಿಂಕಪ್ಪ ಒಬ್ಬನೇ ಮೆಟ್ಟಿಲು ಹತ್ತಿದ. ಹದಿನೇಳು ಮೆಟ್ಟಿಲು. ಜನ ತುಳಿದು ಎಬ್ಬಿಸಿದ ಧೂಳು ಇನ್ನೂ ಗಾಳಿಯಲ್ಲೇ ನಿಂತಿತ್ತು. ಬಾಗಿಲು ಅರ್ಧ ತೆರೆದಿತ್ತು. ಕುರ್ಚಿ ಕಿಟಕಿಯ ಕಡೆಗೆ ತಿರುಗಿತ್ತು. ಕುರ್ಚಿಯಲ್ಲಿ ಬಿಳೀ ಕೂದಲ ಹೆಂಗಸೊಬ್ಬಳು ಬೆನ್ನು ಮಾಡಿ ಕೂತಿದ್ದಳು.

“ರೂಮು ಬಾಡಿಗೆಗೆ ಇದೆಯಾ ಅಥವಾ ಬರೀ ತೋರಿಸೋಕಾ?” ಎಂದಳು, ತಿರುಗದೆಯೇ.

ಲಿಂಕಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವನ ಕಣ್ಣು ತಾನಾಗಿಯೇ ಅವಳ ಪಾದಗಳ ಕಡೆ ಹೋಯಿತು.

“ನೆಟ್ಟಗೇ ಇವೆ,” ಎಂದಳು. “ಎಲ್ಲರೂ ಅದನ್ನೇ ನೋಡ್ತಾರೆ.”

“ನೀವು... ಯಾವಾಗ ಬಂದ್ರಿ?”

“ಮಧ್ಯಾಹ್ನವೇ ಬಂದೆ. ಯಾರನ್ನ ಕೇಳೋದು ಗೊತ್ತಾಗ್ಲಿಲ್ಲ, ಕೂತೆ. ಬಂದವರು ನೋಡಿ ನೋಡಿ ಹೋದ್ರು, ಒಬ್ಬರೂ ಮಾತಾಡಿಸ್ಲಿಲ್ಲ. ದಿನಾ ಹೀಗೇನಾ ಇಲ್ಲಿ?”

“ಇಲ್ಲಮ್ಮ, ಇವತ್ತೊಂದು ದಿನ. ಬಹಳ ಶಾಂತವಾದ ಜಾಗ.”

“ಶಾಂತಿ ಇದ್ರೆ ಸಾಕು. ನಾನಿದ್ದ ಕಡೆ ಎಷ್ಟೋ ವರ್ಷ ಒಂದು ಸದ್ದಿರಲಿಲ್ಲ. ಹದಿನೈದು ದಿನದಿಂದ ಜನವೋ ಜನ. ಗೇಟಲ್ಲಿ ನಿಂತು ಬಿಸಿಲು ಎಷ್ಟು ಹೊತ್ತು ಬರುತ್ತೆ ಅಂತಾರೆ. ನೀರು ಯಾವಾಗ ಬಿಡ್ತಾರೆ ಅಂತಾರೆ. ಮೊನ್ನೆ ಒಬ್ಬ ನನ್ನ ತಲೆ ಮೇಲೇ ಟೇಪು ಹಿಡಿದು ಮಂಚ ಹಿಡಿಸುತ್ತಾ ಅಂತ ಅಳೆದ. ಅವರೇ ಮಾತಾಡ್ಕೊಳ್ತಿದ್ರು, ಈ ಬೀದೀಲಿ ಒಂದು ರೂಮು ಎಂಟು ತಿಂಗಳಿಂದ ಖಾಲಿ ಇದೆ ಅಂತ.”

ಲಿಂಕಪ್ಪನಿಗೆ ಭಯವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಗಂಟೆ ನಾಲ್ಕೂಕಾಲು. ಐದೂವರೆಗೆ ಬರಲಿರುವ ಭಯದ ಮುಂದೆ ಈ ಭಯ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಅವನು ಕೆಳಗೆ ಹೋಗಿ ಹೆಂಡತಿ ತೆಗೆದಿಟ್ಟಿದ್ದ ಬಾಡಿಗೆ ಕಾಗದ ತಂದ. ಅವಳು ಚೀಲದಿಂದ ಪೆನ್ನು ತೆಗೆದು ನಿಧಾನವಾಗಿ ತುಂಬಿದಳು. ಚೀಲದ ಹಿಡಿಗೆ ಹಸಿರು ದಾರ ಸುತ್ತಿತ್ತು. ಲಿಂಕಪ್ಪ ಅದನ್ನು ನೋಡಲಿಲ್ಲ ಎಂದುಕೊಂಡು ಕಾಗದ ಮಡಚಿ ಜೇಬಿಗಿಟ್ಟ, ಕೋಣೆಯ ಕೀಲಿ ಕೊಟ್ಟ, ನಮಸ್ಕಾರ ಹೇಳಿ ಇಳಿದ. ಕೊನೆಯ ಆರು ಮೆಟ್ಟಿಲು ಒಟ್ಟಿಗೇ ಇಳಿದ.

ಐದಕ್ಕೆ ಮೇಡಂ ಫೋನ್ ಬಂತು.

“ಸಿಕ್ಕಿತು ಕಣ್ರೀ. ನಿಮ್ಮ ಮಾತು ‘ಯಾರ ಕಾಟವೂ ಇಲ್ಲದ, ಒಬ್ಬರಿಗೆ ಹೇಳಿ ಮಾಡಿಸಿದ ಜಾಗ’ ಅಂತ ತಾನೆ? ಅದು ಹಳೇ ಸ್ಮಶಾನದ ಪುಟಕ್ಕೆ ಹೋಗಿ ಕೂತಿದೆ. ಹದಿನೈದು ದಿನದಿಂದ ಬಾಡಿಗೆ ಮನೆ ಹುಡುಕೋರೆಲ್ಲ ಅಲ್ಲಿಗೆ ಹೋಗ್ತಿದ್ದಾರೆ. ಕಾವಲುಗಾರ ಅಳೋದೊಂದು ಬಾಕಿ. ಅಡ್ವಾನ್ಸ್ ಎಷ್ಟು ಅಂತ ಕೇಳಿದವರೂ ಇದ್ದಾರಂತೆ.”

ಲಿಂಕಪ್ಪ ಫೋನ್ ಇಟ್ಟು ಸೂರಿನ ಕಡೆ ನೋಡಿದ. ಮೇಲೆ ಕುರ್ಚಿ ಒಂದಿಷ್ಟು ಸರಿದ ಸದ್ದು. ಕಾಲು ಗಂಟೆ ಹಾಗೆಯೇ ಕೂತು ಯೋಚಿಸಿದ. ಹೌದು, ಬಂದವರು ಅಲ್ಲಿನವರೇ. ಆದರೆ ಕಡಿಮೆ ಮಾತಿನವರು. ನೀರು ಖರ್ಚು ಮಾಡುವುದಿಲ್ಲ. ಹುಬ್ಬಿನ ವಿಚಾರ ಎತ್ತುವುದಿಲ್ಲ. ಎದ್ದು ಮುಖ ತೊಳೆದುಕೊಂಡಾಗ ಅವನ ಮನಸ್ಸು ಗಟ್ಟಿಯಾಗಿತ್ತು.

ಐದೂವರೆಗೆ ಸರಿಯಾಗಿ ಹೆಂಡತಿ ಬಂದಳು. ಹಿಂದೆ ಮೂರು ಸೂಟ್‌ಕೇಸು, ಅವುಗಳ ಹಿಂದೆ ಭಾವಮೈದ.

“ಭಾವ, ಗೇಟಿಗೆ ಹಗಲು ಹೊತ್ತು ಬೀಗ ಹಾಕೋದು ಒಳ್ಳೇದಲ್ಲ. ಯಾಕೆ ಅಂತ ಹೇಳ್ತೀನಿ—”

“ರೂಮು ಕೊಟ್ಟಾಯ್ತು,” ಎಂದ ಲಿಂಕಪ್ಪ. ಆ ಎರಡು ಮಾತು ಹೇಳುವಾಗ ಅವನ ಎದೆ ಉಬ್ಬಿತ್ತು. “ವಯಸ್ಸಾದವರು. ಒಬ್ಬರೇ. ಮೇಲಿದ್ದಾರೆ, ಬೇಕಾದ್ರೆ ನೋಡಿ.”

ಮೂವರೂ ಮೇಲೆ ಹೋದರು. ಹೆಂಡತಿ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಮಂಚ ನೋಡಿದಳು, ಮೇಜು ನೋಡಿದಳು, ಕಿಟಕಿಯ ಬಳಿಯ ಕುರ್ಚಿಯನ್ನು ಬಹಳ ಹೊತ್ತು ನೋಡಿದಳು.

“ಎಲ್ಲಿ?”

“ಇಲ್ಲೇ ಕೂತಿದ್ದಾರಲ್ಲೇ.”

ಕುರ್ಚಿಯಲ್ಲಿದ್ದ ಹೆಂಗಸು ಮೊದಲ ಸಲ ತಿರುಗಿ ಲಿಂಕಪ್ಪನನ್ನು ನೋಡಿ, ಬೇಡ ಎಂಬಂತೆ ನಿಧಾನವಾಗಿ ತಲೆಯಾಡಿಸಿದಳು. ಅವನು ಜೇಬಿನಿಂದ ಕಾಗದ ತೆಗೆದು ಹೆಂಡತಿಗೆ ಕೊಟ್ಟ. ಹೆಂಡತಿ ಎರಡೂ ಕಡೆ ತಿರುಗಿಸಿ ನೋಡಿದಳು. ಕಾಗದದಲ್ಲಿ ಏನೂ ಬರೆದಿರಲಿಲ್ಲ.

“ದೊಡ್ಡಮ್ಮನ್ನ ಕೇಳು, ಅವರಿಗೆ ಗೊತ್ತು,” ಎಂದ ಲಿಂಕಪ್ಪ.

ಹೆಂಡತಿ ಪಕ್ಕದ ಮನೆಯ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ ದೊಡ್ಡಮ್ಮನನ್ನು ಕೂಗಿ ಕೇಳಿದಳು. ಅವರು ನಾಚಿಕೊಂಡರು. “ನಾನು ಸುಮ್ನೆ ಹೇಳಿದೆ ಕಣೆ. ಅಷ್ಟು ದೂರದಿಂದ ಬಂದಿದ್ರು, ಏನೂ ಕಾಣದೆ ಹೋಗ್ತಿದ್ರಲ್ಲ ಪಾಪ. ಬಿಳೀ ಕೂದಲು, ಚೀಲ ಎಲ್ಲ ಬಾಯಿಗೆ ಬಂದಿದ್ದು.”

ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು. ಅವಳ ಕಣ್ಣು ತುಂಬಿತ್ತು. “ನಮ್ಮ ತಮ್ಮ ಬರೋದು ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಬಹುದಿತ್ತು ರೀ. ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳೋದಾ?”

“ಅಕ್ಕ, ಇದು ಬಹಳ ದಿನದಿಂದ ಒಳಗೇ ಬೆಳೆದಿರೋದು,” ಎಂದ ಭಾವಮೈದ. ಅವನಾಗಲೇ ಮೊದಲ ಸೂಟ್‌ಕೇಸು ಮಂಚದ ಮೇಲಿಟ್ಟು ತೆರೆಯುತ್ತಿದ್ದ. “ಭಾವನ್ನ ಇಂಥ ಹೊತ್ತಲ್ಲಿ ಒಂಟಿ ಬಿಡಬಾರ್ದು. ನಾನು ಇನ್ನು ಎಲ್ಲೂ ಹೋಗಲ್ಲ. ಬೆಳಿಗ್ಗೆ ಎದ್ದ ತಕ್ಷಣ ಇಬ್ಬರೂ ಕೂತು ಮಾತಾಡೋಣ ಭಾವ. ಮಧ್ಯಾಹ್ನ ಮಾತಾಡೋಣ. ಮಾತಾಡ್ತಾ ಮಾತಾಡ್ತಾ ಸರಿಹೋಗುತ್ತೆ.”

ಏಳು ಗಂಟೆಗೆ ಹೆಂಡತಿ ಮಾತ್ರೆ ತರಲು ಅಂಗಡಿಗೆ ಹೋಗಿದ್ದಳು. ಲಿಂಕಪ್ಪ ನಡುಮನೆಯಲ್ಲಿ ಒಬ್ಬನೇ ಕೂತಿದ್ದ. ಮೇಲಿನಿಂದ ಭಾವಮೈದನ ದನಿ ಬಿಡುವಿಲ್ಲದೆ ಕೇಳುತ್ತಿತ್ತು. ಬಟ್ಟೆ ಮಡಚುವ ಸರಿಯಾದ ಕ್ರಮವನ್ನು ಅವನು ತನಗೆ ತಾನೇ ವಿವರಿಸಿಕೊಳ್ಳುತ್ತಿದ್ದ. ಹೊರಗೆ ಮೆಟ್ಟಿಲ ಮೇಲೆ ಸಣ್ಣ ಹೆಜ್ಜೆಗಳು ಇಳಿದವು. ಬಿಳೀ ಕೂದಲ ಹೆಂಗಸು ಚೀಲ ಹಿಡಿದು ಬಾಗಿಲಲ್ಲಿ ನಿಂತು ಕೋಣೆಯ ಕೀಲಿಯನ್ನು ಹೊಸ್ತಿಲ ಮೇಲಿಟ್ಟಳು.

“ನಾನು ವಾಪಸ್ ಹೋಗ್ತೀನಪ್ಪ. ಒಂದೂವರೆ ಗಂಟೆ ಕೂತು ನೋಡಿದೆ. ಆಗಲ್ಲ. ಅಲ್ಲಿನ ಗಲಾಟೆ ಎಷ್ಟೋ ವಾಸಿ, ಕತ್ತಲಾದ ಮೇಲಾದ್ರೂ ನಿಲ್ಲುತ್ತೆ.”

ಲಿಂಕಪ್ಪನಿಗೆ ಈಗ ಭಯವೆಂಬುದೇ ಇರಲಿಲ್ಲ. ಅಳುವಷ್ಟು ದುಃಖವಾಗಿತ್ತು. ಅವನು ಎದ್ದು ಅವಳ ಹತ್ತಿರ ಹೋಗಿ, ಮೇಲಿನವನಿಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದ.

“ಅಮ್ಮಾ, ಅಲ್ಲಿ ಇನ್ನೊಂದು ಜಾಗ ಖಾಲಿ ಇದೆಯಾ? ನನಗೆ, ಒಬ್ಬನಿಗೆ.”

ಅವಳು ಅವನನ್ನು ಮರುಕದಿಂದ ನೋಡಿದಳು.

“ಮೊನ್ನೆ ಮೊನ್ನೆವರೆಗೂ ಬೇಕಾದಷ್ಟಿತ್ತು. ಈಗ ಕಾವಲುಗಾರನ ಹತ್ರ ಹೆಸರು ಬರೆಸಬೇಕು,” ಎಂದಳು. “ನಿಮಗಿಂತ ಮುಂಚೆ ನಲವತ್ತೊಂದು ಜನ ಇದ್ದಾರೆ.”